ಹೆಸರಿಗೊಂದು ಬೆಲೆ, ಬೆಲೆಗೊಂದು ಪ್ರಶ್ನೆ

ಪ್ರೋಗ್ರಾಮಿಂಗ್ ಕಲಿಯಲು ಮನಸ್ಸು ಮಾಡಿದ್ದೀರಿ. ಸಂತೋಷ. ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲು, ಒಂದು ರಬ್ಬರು ತೆಗೆದಿಟ್ಟುಕೊಳ್ಳಿ. ಇವತ್ತಿನ ಪಾಠಕ್ಕೆ ಅವು ಕಂಪ್ಯೂಟರಿನಷ್ಟೇ ಮುಖ್ಯ.

ನಾವು ನೋಡಲಿರುವುದು ಎರಡು ಸಂಗತಿ. ಒಂದು ವೇರಿಯಬಲ್; ಶಾಲೆಯ ಬೀಜಗಣಿತದಲ್ಲಿ ಇದನ್ನು ನೀವು ಚರಾಕ್ಷರ ಎಂದು ಓದಿರಬಹುದು. ಇನ್ನೊಂದು ಕಂಡೀಷನ್, ಅಂದರೆ ಷರತ್ತು: ‘ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು’ ಎಂಬ ಆಜ್ಞೆ. ಎಟಿಎಂ ಯಂತ್ರವಿರಲಿ, ರೈಲಿನ ಟಿಕೆಟ್ ಕಾಯ್ದಿರಿಸುವ ಆ್ಯಪ್ ಇರಲಿ, ಒಳಗೆ ನಡೆಯುವ ಕೆಲಸದಲ್ಲಿ ಇವೆರಡೂ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಇಷ್ಟು ಮುಖ್ಯವಾದದ್ದನ್ನು ಅನೇಕ ಪುಸ್ತಕಗಳು ನಾಲ್ಕು ಪುಟದಲ್ಲಿ ಮುಗಿಸಿ ಮುಂದಕ್ಕೆ ಓಡುತ್ತವೆ. ನಾವು ಓಡುವುದು ಬೇಡ. ಮುಂದಿನ ಪಾಠಗಳಲ್ಲಿ ತಡವರಿಸುವ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ವಿಚಾರಿಸಿದಾಗ, ಬಹಳ ಸಲ ಅವರಿಗೆ ಅರ್ಥವಾಗದೆ ಉಳಿದಿರುವುದು ಈ ಮೊದಲ ಪಾಠವೇ ಆಗಿರುತ್ತದೆ.

ಪ್ರೋಗ್ರಾಂ ಎಂದರೆ ಕಂಪ್ಯೂಟರಿಗೆ ನಾವು ಬರೆದು ಕೊಡುವ ಆಜ್ಞೆಗಳು. ಕಂಪ್ಯೂಟರ್ ಮೇಲಿನ ಸಾಲಿನಿಂದ ಶುರುಮಾಡುತ್ತದೆ. ಆ ಸಾಲು ಹೇಳಿದ ಕೆಲಸವನ್ನು ಮುಗಿಸುತ್ತದೆ. ಆಮೇಲೆ ಕೆಳಗಿನ ಸಾಲಿಗೆ ಇಳಿಯುತ್ತದೆ. ಮುಗಿಸಿದ ಸಾಲಿಗೆ ತಾನಾಗಿ ಹಿಂದಿರುಗುವುದಿಲ್ಲ. ಆದ್ದರಿಂದ ಪ್ರೋಗ್ರಾಮನ್ನು ಓದುವಾಗ ನೀವು ಪ್ರತಿ ಸಾಲಿನಲ್ಲೂ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಗಳಿಗೆಯಲ್ಲಿ ಯಾವ ಹೆಸರಿನ ಬೆಲೆ ಎಷ್ಟಿದೆ? ಇದನ್ನು ಕೇಳುವ ಅಭ್ಯಾಸ ಬಂದರೆ ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ಉದಾಹರಣೆಗಳಿಗೆ ಪೈಥಾನ್ ಭಾಷೆಯನ್ನು ಬಳಸೋಣ. ನೆದರ್ಲೆಂಡ್ಸಿನ ಗೈಡೋ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆ ಉಚಿತವಾಗಿ ಸಿಗುತ್ತದೆ, ಸಾಮಾನ್ಯ ಕಂಪ್ಯೂಟರಿನಲ್ಲೂ ಓಡುತ್ತದೆ. ಇಲ್ಲೊಂದು ಸೂಚನೆ. ಕೆಳಗೆ ಬರುವ ಪ್ರಿಂಟ್, ಇಫ್, ಎಲ್ಸ್ ಮುಂತಾದ ಆಜ್ಞಾಪದಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು. ನಾವೇ ಇಟ್ಟುಕೊಳ್ಳುವ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಬರೆಯಬಹುದು. 2008ರಲ್ಲಿ ಬಂದ ಪೈಥಾನ್ 3ನೇ ಆವೃತ್ತಿಯಿಂದ ಅದಕ್ಕೆ ಅವಕಾಶವಿದೆ. ಕಲಿಯುವ ದಿನಗಳಲ್ಲಿ ನಿಮ್ಮ ಭಾಷೆಯ ಹೆಸರುಗಳನ್ನೇ ಬಳಸಿ ಎಂದು ನಾನು ಒತ್ತಿ ಹೇಳುತ್ತೇನೆ; ಪ್ರೋಗ್ರಾಮಿನಲ್ಲಿ ಯಾವುದು ಭಾಷೆಯ ಆಜ್ಞೆ, ಯಾವುದು ನೀವಿಟ್ಟ ಹೆಸರು ಎಂಬುದು ಆಗ ಕಣ್ಣಿಗೆ ಹೊಡೆದು ಕಾಣುತ್ತದೆ.

ಈಗ ಮೊದಲ ಸಾಲು.

ವಯಸ್ಸು = 17

ಇದನ್ನು ‘ವಯಸ್ಸು ಸಮ ಹದಿನೇಳು’ ಎಂದು ಓದಬೇಡಿ. ‘ಹದಿನೇಳನ್ನು ವಯಸ್ಸು ಎಂಬ ಹೆಸರಿಗೆ ಕೊಡು’ ಎಂದು ಓದಿ. ಎಡಗಡೆ ಇರುವುದು ಹೆಸರು, ಅದೇ ವೇರಿಯಬಲ್. ಬಲಗಡೆ ಇರುವುದು ಬೆಲೆ. ಕಂಪ್ಯೂಟರ್ ಯಾವಾಗಲೂ ಬಲಗಡೆಯ ಲೆಕ್ಕವನ್ನು ಮೊದಲು ಮುಗಿಸಿ, ಬಂದ ಬೆಲೆಯನ್ನು ಆಮೇಲೆ ಎಡಗಡೆಯ ಹೆಸರಿಗೆ ಕೊಡುತ್ತದೆ. ಈ ಕ್ರಿಯೆಗೆ ಅಸೈನ್‌ಮೆಂಟ್ ಎಂದು ಹೆಸರು.

ಚಿಹ್ನೆ ನೋಡಲು ಗಣಿತದ ಸಮಚಿಹ್ನೆಯಂತೆಯೇ ಇರುವುದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ. ಈ ಚಿಹ್ನೆಯನ್ನು 1557ರಲ್ಲಿ ಬಳಕೆಗೆ ತಂದವನು ವೇಲ್ಸಿನ ಗಣಿತಜ್ಞ ರಾಬರ್ಟ್ ರೆಕಾರ್ಡ್. ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಬೇರೆ ಯಾವುದಿದೆ ಎಂಬುದು ಅವನು ಕೊಟ್ಟ ಕಾರಣ. ಸರಿಯಾಗಿ 400 ವರ್ಷಗಳ ನಂತರ, 1957ರಲ್ಲಿ, ಐಬಿಎಂ ಕಂಪನಿಯ ಫೋರ್ಟ್ರಾನ್ ಭಾಷೆ ಅದೇ ಚಿಹ್ನೆಯನ್ನು ‘ಬೆಲೆ ಕೊಡು’ ಎಂಬ ಅರ್ಥದಲ್ಲಿ ಬಳಸಿತು. ಆಲ್ಗಾಲ್, ಪ್ಯಾಸ್ಕಲ್ ಭಾಷೆಗಳು ಗೊಂದಲ ಬೇಡವೆಂದು ಎದುರಿಗೆ ಎರಡು ಚುಕ್ಕೆ ಸೇರಿಸಿ := ಎಂದು ಬರೆದವು. ಅದೇ ಒಳ್ಳೆಯ ದಾರಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಬಳಕೆಯಲ್ಲಿ ಗೆದ್ದದ್ದು ಫೋರ್ಟ್ರಾನಿನ ರೂಢಿ. ಪೈಥಾನ್ ಕೂಡ ಅದನ್ನೇ ಅನುಸರಿಸುತ್ತದೆ.

ವ್ಯತ್ಯಾಸ ಎಷ್ಟು ದೊಡ್ಡದೆಂದು ಈ ಸಾಲಿನಲ್ಲಿ ನೋಡಿ.

ವಯಸ್ಸು = ವಯಸ್ಸು + 1

ಬೀಜಗಣಿತದಲ್ಲಿ ಇದು ಸಾಧ್ಯವೇ ಇಲ್ಲದ ಮಾತು. ಎರಡೂ ಕಡೆಯಿಂದ ವಯಸ್ಸನ್ನು ಕಳೆದರೆ ಸೊನ್ನೆಯೂ ಒಂದೂ ಸಮ ಎಂದಾಗುತ್ತದೆ! ಪ್ರೋಗ್ರಾಮಿನಲ್ಲಿ ಇದು ದಿನನಿತ್ಯದ ಸಾಲು. ಬಲಗಡೆ ಮೊದಲು: ಈ ಗಳಿಗೆಯಲ್ಲಿ ವಯಸ್ಸು 17, ಅದಕ್ಕೆ 1 ಕೂಡಿದರೆ 18. ಆಮೇಲೆ ಎಡಗಡೆ: 18ನ್ನು ವಯಸ್ಸು ಎಂಬ ಹೆಸರಿಗೆ ಕೊಡು. ಹಳೆಯ 17 ಹೋಯಿತು. ತರಕಾರಿ ಅಂಗಡಿಯ ಕರಿಹಲಗೆಯನ್ನು ನೆನೆಸಿಕೊಳ್ಳಿ. ‘ಟೊಮೆಟೊ’ ಎಂಬ ಹೆಸರು ಹಲಗೆಯ ಮೇಲೆ ಹಾಗೇ ಇರುತ್ತದೆ. ಅದರ ಮುಂದಿರುವ ದರವನ್ನು ಬೆಳಿಗ್ಗೆ ಒರೆಸಿ ಹೊಸದಾಗಿ ಬರೆಯುತ್ತಾರೆ. ನಿನ್ನೆಯ ದರ ಎಷ್ಟಿತ್ತೆಂದು ಹಲಗೆಯನ್ನು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಪೆನ್ಸಿಲು, ರಬ್ಬರು ಬೇಕೆಂದದ್ದು ಇದಕ್ಕೇ. ಹಾಳೆಯ ಮೇಲೆ ಪ್ರತಿ ವೇರಿಯಬಲ್ಲಿಗೆ ಒಂದು ಕಂಬಸಾಲು ಎಳೆಯಿರಿ. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ನೀವೇ ಕಂಪ್ಯೂಟರಾಗಿ ನಡೆಸುತ್ತಾ, ಬೆಲೆ ಬದಲಾದಾಗಲೆಲ್ಲ ಹಳೆಯದನ್ನು ಒರೆಸಿ ಹೊಸದನ್ನು ಬರೆಯಿರಿ. ಈ ನಾಲ್ಕು ಸಾಲನ್ನು ಹಾಗೆ ನಡೆಸಿ ನೋಡೋಣ. ಎಡ, ಬಲ ಎಂಬ ಎರಡು ವೇರಿಯಬಲ್ಲುಗಳ ಬೆಲೆಗಳನ್ನು ಅದಲುಬದಲು ಮಾಡಬೇಕೆಂಬುದು ಬರೆದವರ ಆಸೆ.

ಎಡ = 5
ಬಲ = 8
ಎಡ = ಬಲ
ಬಲ = ಎಡ

ಮೊದಲೆರಡು ಸಾಲು ಮುಗಿದಾಗ ಎಡದಲ್ಲಿ 5, ಬಲದಲ್ಲಿ 8. ಮೂರನೆಯ ಸಾಲು: ಬಲದ ಬೆಲೆ 8, ಅದನ್ನು ಎಡಕ್ಕೆ ಕೊಡು. ಎಡದ 5ನ್ನು ಒರೆಸಿ 8 ಬರೆಯಿರಿ. ನಾಲ್ಕನೆಯ ಸಾಲು: ಎಡದ ಬೆಲೆ ಈಗ ಎಷ್ಟು? 8. ಅದನ್ನು ಬಲಕ್ಕೆ ಕೊಡು. ಎರಡರಲ್ಲೂ 8 ಉಳಿಯಿತು, 5 ಎಲ್ಲೂ ಇಲ್ಲ. ಹಾಳೆಯಿಲ್ಲದೆ ಮನಸ್ಸಿನಲ್ಲೇ ಓದಿದವರಿಗೆ ಈ ಸಾಲುಗಳು ಸರಿಯಾಗಿಯೇ ಕಾಣುತ್ತವೆ. ಒರೆಸುವ ಮುನ್ನ 5ನ್ನು ಮೂರನೆಯ ಹೆಸರೊಂದಕ್ಕೆ ಕೊಟ್ಟಿಟ್ಟರೆ ಕೆಲಸ ಸರಿಹೋಗುತ್ತದೆ. ಆ ಸಾಲುಗಳನ್ನು ನೀವೇ ಬರೆದು ನೋಡಿ. ಪೈಥಾನಿನಲ್ಲಿ ಇನ್ನೊಂದು ದಾರಿಯೂ ಇದೆ:

ಎಡ, ಬಲ = ಬಲ, ಎಡ

ಇದು ಏಕೆ ಕೆಟ್ಟುಹೋಗುವುದಿಲ್ಲ? ಬಲಗಡೆಯದ್ದನ್ನು ಪೂರ್ತಿ ಲೆಕ್ಕಮಾಡಿದ ಮೇಲೆಯೇ ಎಡಗಡೆಗೆ ಕೊಡುವುದು ಎಂಬ ಅದೇ ನಿಯಮದಿಂದ. 8 ಮತ್ತು 5 ಎರಡೂ ಸಿದ್ಧವಾದ ನಂತರವೇ ಹಂಚಿಕೆ ಶುರುವಾಗುತ್ತದೆ.

ಹೆಸರಿಡುವ ನಿಯಮಗಳು ಕಡಿಮೆ. ಹೆಸರಿನ ನಡುವೆ ಖಾಲಿ ಜಾಗ ಇರಬಾರದು. ಬೇಕಾದಲ್ಲಿ ಅಡಿಗೆರೆ ಹಾಕಿ ಹುಟ್ಟಿದ_ವರ್ಷ ಎಂದು ಬರೆಯಿರಿ. ಅಂಕಿಯಿಂದ ಶುರುವಾಗಬಾರದು. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರ: ‘ಸಾಫ್ಟ್‌ವೇರ್’ ಎಂಬಂಥ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಾವು ಕೀಲಿಮಣೆಯಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸುತ್ತೇವೆ. ಹೆಸರಿನೊಳಗೆ ಅದು ಬಂದರೆ ಪೈಥಾನ್ ತಪ್ಪು ಎನ್ನುತ್ತದೆ. ಅಂಥ ಪದಗಳನ್ನು ಹೆಸರಾಗಿ ಇಡದಿದ್ದರಾಯಿತು.

ಬೆಲೆಗಳಲ್ಲಿ ಜಾತಿಗಳಿವೆ. ಇಲ್ಲಿ ನಿಧಾನವಾಗಿ ಬನ್ನಿ. 17 ಎಂದು ಬರೆದರೆ ಅದು ಸಂಖ್ಯೆ. "17" ಎಂದು ಉದ್ಧರಣ ಚಿಹ್ನೆಯೊಳಗೆ ಬರೆದರೆ ಅದು ಪಠ್ಯ. ಒಂದು ಮತ್ತು ಏಳು ಎಂಬ ಎರಡು ಗುರುತುಗಳ ಸಾಲು, ಅಷ್ಟೇ. ಪಠ್ಯಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. 17 + 1 ಕೊಟ್ಟರೆ 18 ಬರುತ್ತದೆ. "17" + "1" ಕೊಟ್ಟರೆ "171" ಬರುತ್ತದೆ, ಏಕೆಂದರೆ ಪಠ್ಯಗಳ ನಡುವಿನ ಕೂಡುಚಿಹ್ನೆಗೆ ಒಂದರ ಪಕ್ಕ ಇನ್ನೊಂದನ್ನು ಜೋಡಿಸು ಎಂದೇ ಅರ್ಥ.

ಈ ಭೇದ ಎಲ್ಲಿ ಕಾಡುತ್ತದೆಂದು ಹತ್ತಿರದಿಂದ ನೋಡೋಣ. ಬಳಸುವವರಿಂದ ಬೆಲೆ ಕೇಳಿ ಪಡೆಯುವ ಆಜ್ಞೆ ಇನ್‌ಪುಟ್. ಪರದೆಯ ಮೇಲೆ ತೋರಿಸುವ ಆಜ್ಞೆ ಪ್ರಿಂಟ್.

ವಯಸ್ಸು = ಇನ್‌ಪುಟ್("ನಿಮ್ಮ ವಯಸ್ಸೆಷ್ಟು? ")
ಪ್ರಿಂಟ್(ವಯಸ್ಸು + 1)

ಓಡಿಸಿದರೆ ಪರದೆಯಲ್ಲಿ ಪ್ರಶ್ನೆ ಬರುತ್ತದೆ. ನೀವು 17 ಒತ್ತಿ ಎಂಟರ್ ಹೊಡೆಯುತ್ತೀರಿ. ಮರುಕ್ಷಣ ಕೆಂಪಕ್ಷರದಲ್ಲಿ ನಾಲ್ಕೈದು ಸಾಲು ಬಂದು ಪ್ರೋಗ್ರಾಂ ನಿಂತುಹೋಗುತ್ತದೆ. ಗಾಬರಿಯಾಗಬೇಡಿ, ಆ ಸಂದೇಶವನ್ನು ಕೆಳಗಿನಿಂದ ಓದಿ. ಕೊನೆಯ ಸಾಲು ‘ಟೈಪ್ ಎರರ್’ ಎಂದು ಶುರುವಾಗುತ್ತದೆ: ಬೆಲೆಗಳ ಜಾತಿ ಹೊಂದಲಿಲ್ಲ ಎಂದರ್ಥ. ಅದರ ಮೇಲೆ, ಎಷ್ಟನೇ ಸಾಲಿನಲ್ಲಿ ತೊಂದರೆಯಾಯಿತು ಎಂಬುದೂ ಇರುತ್ತದೆ. ಆದದ್ದಿಷ್ಟು. ಕೀಲಿಮಣೆಯಿಂದ ಬರುವುದನ್ನೆಲ್ಲ ಇನ್‌ಪುಟ್ ಪಠ್ಯವಾಗಿಯೇ ತರುತ್ತದೆ. ಅಲ್ಲಿ ಬರುವುದು ಹೆಸರೋ ಸಂಖ್ಯೆಯೋ ಎಂದು ಅದು ಊಹಿಸುವುದಿಲ್ಲ. "17" ಎಂಬ ಪಠ್ಯಕ್ಕೆ 1 ಎಂಬ ಸಂಖ್ಯೆಯನ್ನು ಕೂಡು ಎಂದು ನಾವು ಕೇಳಿದೆವು. ಜೋಡಿಸಬೇಕೋ ಕೂಡಬೇಕೋ ತಿಳಿಯದೆ ಪೈಥಾನ್ ನಿಂತಿತು. ಹಾಗೆ ನಿಂತದ್ದೇ ಒಳ್ಳೆಯದು. ಊಹಿಸಿ ಮುಂದೆ ಹೋಗಿದ್ದರೆ ತಪ್ಪು ಉತ್ತರ ಸದ್ದಿಲ್ಲದೆ ಹೊರಬರುತ್ತಿತ್ತು.

ಪಠ್ಯವನ್ನು ಪೂರ್ಣಾಂಕವನ್ನಾಗಿ ಮಾಡುವ ಆಜ್ಞೆ ಇಂಟ್. ಇಂಟಿಜರ್ ಎಂಬ ಪದದ ಮೊದಲ ಮೂರು ಅಕ್ಷರ.

ವಯಸ್ಸು = ಇಂಟ್(ಇನ್‌ಪುಟ್("ನಿಮ್ಮ ವಯಸ್ಸೆಷ್ಟು? "))

ಒಳಗಿನ ಆವರಣದಿಂದ ಹೊರಕ್ಕೆ ಓದಿ: ಪ್ರಶ್ನೆ ಕೇಳು, ಬಂದ ಪಠ್ಯವನ್ನು ಪೂರ್ಣಾಂಕ ಮಾಡು, ಅದನ್ನು ವಯಸ್ಸಿಗೆ ಕೊಡು. ಬಳಸುವವರು ೧೭ ಎಂದು ಕನ್ನಡ ಅಂಕಿಗಳಲ್ಲಿ ಒತ್ತಿದರೂ ಇಂಟ್ ಅದನ್ನು ಹದಿನೇಳೆಂದೇ ತಿಳಿಯುತ್ತದೆ.

ಇನ್ನು ಷರತ್ತು. ಷರತ್ತೆಂದರೆ ಹೌದು ಅಥವಾ ಅಲ್ಲ ಎಂದು ಮಾತ್ರ ಉತ್ತರಿಸಬಹುದಾದ ಪ್ರಶ್ನೆ. ಆ ಎರಡು ಉತ್ತರಗಳಿಗೆ ಪೈಥಾನಿನಲ್ಲಿ ಟ್ರೂ ಮತ್ತು ಫಾಲ್ಸ್ ಎಂಬ ಬೆಲೆಗಳಿವೆ. ಇವೆರಡರ ಮೊದಲ ಅಕ್ಷರವನ್ನು ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕು. ಇವನ್ನು ಬೂಲಿಯನ್ ಬೆಲೆಗಳು ಎನ್ನುತ್ತಾರೆ. ತರ್ಕವನ್ನೂ ಬೀಜಗಣಿತದಂತೆ ಲೆಕ್ಕ ಮಾಡಬಹುದೆಂದು 1854ರ ತನ್ನ ಗ್ರಂಥದಲ್ಲಿ ವಿವರಿಸಿದ ಜಾರ್ಜ್ ಬೂಲ್‌ನ ನೆನಪಿನ ಹೆಸರು ಅದು.

ಸಮಚಿಹ್ನೆ ಆಗಲೇ ‘ಬೆಲೆ ಕೊಡು’ ಎಂಬ ಕೆಲಸಕ್ಕೆ ಖರ್ಚಾಗಿದೆಯಲ್ಲ? ಹಾಗಾಗಿ ‘ಸಮವೇ?’ ಎಂದು ಕೇಳಲು ಅದನ್ನು ಎರಡು ಸಲ ಬರೆಯಬೇಕು. ವಯಸ್ಸು = 18 ಎಂಬುದು ಆಜ್ಞೆ. ವಯಸ್ಸು == 18 ಎಂಬುದು ಪ್ರಶ್ನೆ. ‘ಸಮವಲ್ಲವೇ?’ ಎನ್ನಲು !=. ಹೆಚ್ಚೇ ಎನ್ನಲು >, ಕಡಿಮೆಯೇ ಎನ್ನಲು <. ‘ಹೆಚ್ಚು ಅಥವಾ ಸಮವೇ?’ ಎನ್ನಲು >=, ‘ಕಡಿಮೆ ಅಥವಾ ಸಮವೇ?’ ಎನ್ನಲು <=.

ಹೆಚ್ಚು ಎಂಬುದಕ್ಕೂ ಹೆಚ್ಚು ಅಥವಾ ಸಮ ಎಂಬುದಕ್ಕೂ ನಡುವೆ ಇರುವ ಅಂತರ ಒಂದೇ ಒಂದು ಬೆಲೆಯದ್ದು. ಆ ಒಂದು ಬೆಲೆಯಲ್ಲೇ ಎಷ್ಟೋ ಪ್ರೋಗ್ರಾಮುಗಳು ತಪ್ಪುತ್ತವೆ. ನಮ್ಮ ಸಂವಿಧಾನದ 326ನೇ ವಿಧಿಯನ್ನು ನೋಡಿ. ಮತದಾರರಾಗಲು ಗೊತ್ತುಪಡಿಸಿದ ದಿನದಂದು ವಯಸ್ಸು 18ಕ್ಕೆ ಕಡಿಮೆ ಇರಬಾರದು ಎಂಬುದು ಅದರ ಮಾತು. 18 ತುಂಬಿದವರು ಒಳಗೋ ಹೊರಗೋ ಎಂಬ ಸಂದೇಹಕ್ಕೆ ಅಲ್ಲಿ ಜಾಗವೇ ಇಲ್ಲ: ಕಡಿಮೆ ಇರಬಾರದು ಎಂದರೆ >=. ಆಡುಮಾತಿನಲ್ಲಿ ನಾವು ‘ಹದಿನೆಂಟು ದಾಟಿದವರು’ ಎಂದುಬಿಡುತ್ತೇವೆ. ಆ ಮಾತನ್ನೇ ನಂಬಿ > ಎಂದು ಬರೆದರೆ, ಈಗಷ್ಟೇ 18 ತುಂಬಿದವರೆಲ್ಲರೂ ಹೊರಗುಳಿಯುತ್ತಾರೆ. ಷರತ್ತು ಬರೆದಾಗಲೆಲ್ಲ ಗಡಿಯ ಮೇಲಿನ ಬೆಲೆ, ಅದರ ಹಿಂದಿನದು, ಅದರ ಮುಂದಿನದು, ಈ ಮೂರನ್ನೂ ಕೊಟ್ಟು ಪರೀಕ್ಷಿಸಿ. ಇಲ್ಲಿ 17, 18, 19.

ಪ್ರಶ್ನೆಯ ಉತ್ತರಕ್ಕೆ ತಕ್ಕಂತೆ ದಾರಿ ಆರಿಸಿಕೊಳ್ಳುವ ಆಜ್ಞೆ ಹೀಗಿರುತ್ತದೆ.

ಮತದ_ವಯಸ್ಸು = 18
ಇಫ್ ವಯಸ್ಸು >= ಮತದ_ವಯಸ್ಸು:
    ಪ್ರಿಂಟ್("ನೀವು ಮತದಾರರಾಗಬಹುದು")
ಎಲ್ಸ್:
    ಪ್ರಿಂಟ್("ಇನ್ನೂ ಸ್ವಲ್ಪ ಕಾಯಬೇಕು")
ಪ್ರಿಂಟ್("ಧನ್ಯವಾದ")

ಇಫ್ ಎಂದರೆ ‘ಆದರೆ’, ಎಲ್ಸ್ ಎಂದರೆ ‘ಇಲ್ಲದಿದ್ದರೆ’. ಪ್ರಶ್ನೆಯ ಕೊನೆಯಲ್ಲಿ ಮೇಲೊಂದು ಕೆಳಗೊಂದು ಚುಕ್ಕೆ ಇಡಲು ಮರೆಯಬೇಡಿ. ಅದರ ಕೆಳಗಿನ ಸಾಲುಗಳನ್ನು ಒಳಕ್ಕೆ ಸರಿಸಿ ಬರೆದಿದೆ. ನಾಲ್ಕು ಖಾಲಿ ಜಾಗ ಬಿಡುವುದು ರೂಢಿ. ಪೈಥಾನಿನಲ್ಲಿ ಈ ಸರಿಸುವಿಕೆ ಅಂದಕ್ಕಾಗಿ ಮಾಡಿದ್ದಲ್ಲ. ಯಾವ ಸಾಲುಗಳು ಷರತ್ತಿಗೆ ಒಳಪಟ್ಟಿವೆ, ಯಾವುವು ಇಲ್ಲ ಎಂಬುದನ್ನು ಪೈಥಾನ್ ತಿಳಿಯುವುದೇ ಇದರಿಂದ. ಧನ್ಯವಾದದ ಸಾಲು ಅಂಚಿಗೆ ಬಂದಿರುವುದರಿಂದ ಅದು ಎಲ್ಲರಿಗೂ ಸಿಗುತ್ತದೆ. ಅದನ್ನೂ ನಾಲ್ಕು ಜಾಗ ಒಳಕ್ಕೆ ಸರಿಸಿದರೆ ಅದು ಎಲ್ಸ್‌ಗೆ ಸೇರಿ, ಕಾಯಬೇಕಾದವರಿಗೆ ಮಾತ್ರ ಧನ್ಯವಾದ ಸಿಗುತ್ತದೆ. ಮಾಡಿ ನೋಡಿ, ಒಂದು ಸಲ ಕಣ್ಣಾರೆ ಕಂಡರೆ ಮರೆಯುವುದಿಲ್ಲ.

18 ಎಂದು ನೇರವಾಗಿ ಬರೆಯದೆ ಅದಕ್ಕೊಂದು ಹೆಸರಿಟ್ಟದ್ದು ಏಕೆ? ಭಾರತದಲ್ಲಿ ಮತದಾನದ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಅದನ್ನು 18ಕ್ಕೆ ಇಳಿಸಿತು. ಪ್ರೋಗ್ರಾಮಿನ ಹತ್ತು ಕಡೆ 21 ಎಂಬ ಅಂಕಿ ಚೆಲ್ಲಾಡಿದ್ದರೆ ಹತ್ತನ್ನೂ ಹುಡುಕಿ ತಿದ್ದಬೇಕು. ಆ 21ಗಳಲ್ಲಿ ಕೆಲವು ಬೇರೆ ಕಾರಣಕ್ಕೆ ಬಂದವೂ ಇರಬಹುದು, ಅವನ್ನು ಮುಟ್ಟಬಾರದು. ಹೆಸರಿಟ್ಟಿದ್ದರೆ ತಿದ್ದಬೇಕಾದ್ದು ಒಂದೇ ಸಾಲು. ವೇರಿಯಬಲ್ಲುಗಳ ಬೆಲೆ ಪ್ರೋಗ್ರಾಂ ಓಡುವಾಗ ಬದಲಾಗುತ್ತದೆ ಎಂದಷ್ಟೇ ಅಲ್ಲ, ಹೊರಗಿನ ಲೋಕ ಬದಲಾಗುತ್ತದೆ ಎಂಬ ಕಾರಣಕ್ಕೂ ನಾವು ಹೆಸರಿಡುತ್ತೇವೆ.

ದಾರಿಗಳು ಎರಡಕ್ಕಿಂತ ಹೆಚ್ಚಿದ್ದಾಗ ಎಲಿಫ್ ಎಂಬ ಆಜ್ಞೆ ಬರುತ್ತದೆ. ಎಲ್ಸ್ ಮತ್ತು ಇಫ್ ಎರಡನ್ನೂ ಬೆಸೆದು ಇ, ಎಲ್, ಐ, ಎಫ್ ಎಂಬ ನಾಲ್ಕೇ ಅಕ್ಷರ ಮಾಡಿದ್ದಾರೆ. ‘ಮೇಲಿನದು ಅಲ್ಲವಾದರೆ, ಇದು ಆಗುತ್ತದೆಯೇ?’ ಎಂದು ಓದಿ. ನಮ್ಮ ದೇಶದಲ್ಲಿ ಗ್ರಾಮ ಪಂಚಾಯಿತಿಗೆ ನಿಲ್ಲಲು 21, ವಿಧಾನಸಭೆ ಮತ್ತು ಲೋಕಸಭೆಗೆ 25, ವಿಧಾನ ಪರಿಷತ್ತು ಮತ್ತು ರಾಜ್ಯಸಭೆಗೆ 30, ರಾಷ್ಟ್ರಪತಿಯಾಗಲು 35 ವರ್ಷ ತುಂಬಿರಬೇಕು. ವಯಸ್ಸು ಕೊಟ್ಟರೆ ಅತಿ ದೊಡ್ಡ ಅರ್ಹತೆ ಯಾವುದೆಂದು ಹೇಳುವ ಪ್ರೋಗ್ರಾಂ ಬೇಕು. ಚಿಕ್ಕದರಿಂದ ದೊಡ್ಡದಕ್ಕೆ ಬರೆದುಕೊಂಡು ಹೋಗುವುದು ಸಹಜ ಅನ್ನಿಸುತ್ತದೆ:

ಇಫ್ ವಯಸ್ಸು >= 18:
    ಪ್ರಿಂಟ್("ಮತ ಹಾಕಬಹುದು")
ಎಲಿಫ್ ವಯಸ್ಸು >= 21:
    ಪ್ರಿಂಟ್("ಗ್ರಾಮ ಪಂಚಾಯಿತಿಗೆ ನಿಲ್ಲಬಹುದು")
ಎಲಿಫ್ ವಯಸ್ಸು >= 25:
    ಪ್ರಿಂಟ್("ವಿಧಾನಸಭೆಗೆ ನಿಲ್ಲಬಹುದು")

ಈಗ 40 ಎಂದು ಕೊಟ್ಟು ಹಾಳೆಯ ಮೇಲೆ ನಡೆಸಿ. 40 ಎಂಬುದು 18ಕ್ಕೆ ಹೆಚ್ಚು ಅಥವಾ ಸಮವೇ? ಹೌದು. ‘ಮತ ಹಾಕಬಹುದು’ ಎಂದು ಅಚ್ಚಾಯಿತು. ಮುಂದೆ? ಮುಂದೇನೂ ಇಲ್ಲ. ಇಂಥ ಸರಣಿಯಲ್ಲಿ ಮೊದಲ ‘ಹೌದು’ ಸಿಕ್ಕ ತಕ್ಷಣ ಕಂಪ್ಯೂಟರ್ ಉಳಿದ ಪ್ರಶ್ನೆಗಳನ್ನು ಕೇಳದೆ ಸರಣಿಯ ಆಚೆಗೆ ಹೋಗುತ್ತದೆ. 21ರ ಪ್ರಶ್ನೆಯನ್ನು ತಲುಪುವವರು 18ಕ್ಕಿಂತ ಕಡಿಮೆಯವರು ಮಾತ್ರ. ಅವರಲ್ಲಿ ಯಾರಿಗೂ 21 ಆಗಿರಲು ಸಾಧ್ಯವಿಲ್ಲ. ಅಂದರೆ ಎರಡನೆಯ ಮತ್ತು ಮೂರನೆಯ ಸಂದೇಶಗಳು ಯಾರ ಕಣ್ಣಿಗೂ ಎಂದೂ ಬೀಳವು. ಪೈಥಾನ್ ಇದನ್ನು ತಪ್ಪೆಂದು ಹೇಳುವುದಿಲ್ಲ, ಕೆಂಪಕ್ಷರ ಬರುವುದಿಲ್ಲ. ಪ್ರತಿ ಸಾಲೂ ವ್ಯಾಕರಣಬದ್ಧವಾಗಿದೆ, ಕ್ರಮ ಮಾತ್ರ ತಪ್ಪಿದೆ. 35ರಿಂದ ಶುರುಮಾಡಿ ಕೆಳಗಿಳಿಯುತ್ತಾ 18ಕ್ಕೆ ಬನ್ನಿ, ಸರಿಹೋಗುತ್ತದೆ.

ಒಂದು ವೇಳೆ ದೊಡ್ಡದೊಂದೇ ಅಲ್ಲದೆ ಎಲ್ಲ ಅರ್ಹತೆಗಳನ್ನೂ ಪಟ್ಟಿ ಮಾಡಬೇಕಿದ್ದರೆ? ಆಗ ಎಲಿಫ್ ಬಿಟ್ಟು ಐದೂ ಕಡೆ ಇಫ್ ಎಂದೇ ಬರೆಯಿರಿ. ಬಿಡಿ ಇಫ್‌ಗಳು ಒಂದನ್ನೊಂದು ಲೆಕ್ಕಿಸುವುದಿಲ್ಲ. ಐದು ಪ್ರಶ್ನೆಯನ್ನೂ ಎಲ್ಲರಿಗೂ ಕೇಳಲಾಗುತ್ತದೆ. ಒಂದನ್ನು ಮಾತ್ರ ಆರಿಸಬೇಕೋ, ಎಲ್ಲವನ್ನೂ ಕೇಳಬೇಕೋ ಎಂದು ಬರೆಯುವ ಮುನ್ನವೇ ನಿರ್ಧರಿಸಿ.

ಕೊನೆಯದಾಗಿ, ನಿಜವಾದ ನಿಯಮವೊಂದನ್ನು ಬರೆಯೋಣ: ಅಧಿಕ ವರ್ಷ. ಫೆಬ್ರವರಿಗೆ 29 ದಿನ ಇರುವ ವರ್ಷ. ನಾಲ್ಕು ವರ್ಷಕ್ಕೊಮ್ಮೆ ಎಂದು ನಾವೆಲ್ಲ ಹೇಳುತ್ತೇವೆ. ಹಳೆಯ ಜೂಲಿಯನ್ ಪಂಚಾಂಗದಲ್ಲಿ ಹಾಗೇ ಇತ್ತು. ವರ್ಷಕ್ಕೆ ಸರಾಸರಿ 365.25 ದಿನ. ಆದರೆ ಋತುಗಳ ವರ್ಷ ಸುಮಾರು 365.2422 ದಿನ. ಈ ಚಿಕ್ಕ ಅಂತರ ಶತಮಾನಗಳ ಕಾಲ ಸೇರಿ ಸೇರಿ ಹತ್ತು ದಿನವಾದಾಗ, 1582ರಲ್ಲಿ ಗ್ರೆಗೋರಿಯನ್ ಪಂಚಾಂಗ ಬಂತು. ಅದರ ನಿಯಮ: 4ರಿಂದ ಭಾಗವಾದರೆ ಅಧಿಕ ವರ್ಷ, ಆದರೆ 100ರಿಂದ ಭಾಗವಾದರೆ ಅಲ್ಲ, ಆದರೂ 400ರಿಂದ ಭಾಗವಾದರೆ ಹೌದು.

‘ಭಾಗವಾಗುತ್ತದೆ’ ಎಂದರೆ ಶೇಷ ಸೊನ್ನೆ. ಶೇಷವನ್ನು ಕೊಡುವ ಚಿಹ್ನೆ %. ಶೇಕಡಾ ಎಂದು ತಿಳಿಯಬೇಡಿ. 17 % 4 ಎಂದರೆ 17ನ್ನು 4ರಿಂದ ಭಾಗಿಸಿದಾಗ ಉಳಿಯುವ 1.

ಇಫ್ ವರ್ಷ % 400 == 0:
    ಅಧಿಕ = ಟ್ರೂ
ಎಲಿಫ್ ವರ್ಷ % 100 == 0:
    ಅಧಿಕ = ಫಾಲ್ಸ್
ಎಲಿಫ್ ವರ್ಷ % 4 == 0:
    ಅಧಿಕ = ಟ್ರೂ
ಎಲ್ಸ್:
    ಅಧಿಕ = ಫಾಲ್ಸ್

ನಿಯಮವನ್ನು ಬಾಯಲ್ಲಿ ಹೇಳುವಾಗ 4ರಿಂದ ಶುರುಮಾಡಿದೆವು, ಬರೆಯುವಾಗ 400ರಿಂದ. ಕಾರಣ ನಿಮಗೀಗ ಗೊತ್ತು: ಅಪವಾದದ ಅಪವಾದವನ್ನು ಮೊದಲು ಕೇಳದಿದ್ದರೆ ಅದರ ಸರದಿ ಬರುವುದೇ ಇಲ್ಲ. ನಾಲ್ಕು ವರ್ಷಗಳನ್ನು ಕೊಟ್ಟು ನೋಡಿ. 2000: ಮೊದಲ ಪ್ರಶ್ನೆಗೇ ಹೌದು. 1900: ಮೊದಲನೆಯದಕ್ಕೆ ಶೇಷ 300, ಅಲ್ಲ, ಎರಡನೆಯದಕ್ಕೆ ಶೇಷ ಸೊನ್ನೆ, ಹಾಗಾಗಿ ಅಧಿಕ ವರ್ಷವಲ್ಲ. ಕರ್ನಾಟಕ ಏಕೀಕರಣದ 1956: ಶೇಷಗಳು 356, 56, ಆಮೇಲೆ ಸೊನ್ನೆ, ಆದ್ದರಿಂದ ಅಧಿಕ ವರ್ಷ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973: ಶೇಷಗಳು 373, 73, 1. ಕೊನೆಯ ಎಲ್ಸ್‌ಗೆ ಬಿತ್ತು. ನಾಲ್ಕು ವರ್ಷಗಳು ನಾಲ್ಕು ದಾರಿಗಳಲ್ಲೂ ನಡೆದು ಬಂದವು. ಪರೀಕ್ಷೆಗೆ ಬೆಲೆಗಳನ್ನು ಆರಿಸುವ ಕ್ರಮ ಇದೇ.

1900 ಬರಿಯ ಪುಸ್ತಕದ ಉದಾಹರಣೆ ಎಂದುಕೊಳ್ಳಬೇಡಿ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಹೆಸರುವಾಸಿ ಲೆಕ್ಕದ ತಂತ್ರಾಂಶ 1900ನ್ನು ಅಧಿಕ ವರ್ಷವೆಂದೇ ಎಣಿಸುತ್ತಿತ್ತು. ಅದರ ಕಡತಗಳೊಂದಿಗೆ ಹೊಂದಿಕೊಳ್ಳಬೇಕೆಂದು ಮೈಕ್ರೋಸಾಫ್ಟ್ ಎಕ್ಸೆಲ್ ಕೂಡ ಹಾಗೇ ಎಣಿಸಿತು. ಇಲ್ಲದೇ ಇದ್ದ 1900ರ ಫೆಬ್ರವರಿ 29ನ್ನು ಎಕ್ಸೆಲ್ ಇಂದಿಗೂ ಒಪ್ಪಿಕೊಳ್ಳುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಅದಿದ್ದರೆ ಆ ತಾರೀಖನ್ನು ಬರೆದು ನೋಡಬಹುದು.

ಈಗ ನಿಮಗೊಂದು ಕೆಲಸ. ಅಧಿಕ ಎಂಬ ವೇರಿಯಬಲ್ ಸಿದ್ಧವಾಗಿದೆ. ತಿಂಗಳು ಎಂಬ ವೇರಿಯಬಲ್ಲಿನಲ್ಲಿ 1ರಿಂದ 12ರ ಒಳಗಿನ ಸಂಖ್ಯೆ ಇದೆ ಎಂದಿಟ್ಟುಕೊಳ್ಳಿ. ಆ ತಿಂಗಳಿಗೆ ಎಷ್ಟು ದಿನವೆಂದು ಹೇಳುವ ಸಾಲುಗಳಿವು.

ಇಫ್ ತಿಂಗಳು == 2:
    ಇಫ್ ಅಧಿಕ:
        ದಿನ = 29
    ಎಲ್ಸ್:
        ದಿನ = 28
ಎಲಿಫ್ ತಿಂಗಳು == 4 ಆರ್ ತಿಂಗಳು == 6 ಆರ್ ತಿಂಗಳು == 9 ಆರ್ ತಿಂಗಳು == 11:
    ದಿನ = 30
ಎಲ್ಸ್:
    ದಿನ = 31

ಒಂದು ಷರತ್ತಿನೊಳಗೆ ಇನ್ನೊಂದು ಷರತ್ತು ಬಂದಿರುವುದನ್ನೂ, ಅದರ ಸಾಲುಗಳು ಇನ್ನಷ್ಟು ಒಳಕ್ಕೆ ಸರಿದಿರುವುದನ್ನೂ ಗಮನಿಸಿ. ಆರ್ ಎಂದರೆ ‘ಅಥವಾ’. ಎರಡರಲ್ಲಿ ಒಂದಾದರೂ ಹೌದಾದರೆ ಒಟ್ಟು ಉತ್ತರ ಹೌದು. ‘ತಿಂಗಳು ==’ ಎಂದು ಪ್ರತಿ ಸಲವೂ ಬರೆದದ್ದು ಬೇಸರ ತರಿಸಬಹುದು, ಆದರೆ ಬಿಡುವಂತಿಲ್ಲ. ತಿಂಗಳು == 4 ಆರ್ 6 ಎಂದು ಬರೆದರೆ ಪೈಥಾನ್ ಆ 6ನ್ನು ಬೇರೆಯೇ ಒಂದು ಪ್ರಶ್ನೆಯೆಂದು ತಿಳಿಯುತ್ತದೆ; ಸೊನ್ನೆಯಲ್ಲದ ಯಾವ ಸಂಖ್ಯೆಯನ್ನೂ ಅದು ‘ಹೌದು’ ಎಂದೇ ಎಣಿಸುವುದರಿಂದ, ಜನವರಿಗೂ 30 ದಿನವೇ ಬರುತ್ತದೆ.

ಮೊದಲು 1900ರ ಫೆಬ್ರವರಿ, 2000ದ ಫೆಬ್ರವರಿ, ಜೂನ್, ಡಿಸೆಂಬರುಗಳನ್ನು ಹಾಳೆಯ ಮೇಲೆ ನಡೆಸಿ, ಆಮೇಲೆ ಕಂಪ್ಯೂಟರಿನಲ್ಲಿ ಓಡಿಸಿ ಉತ್ತರ ತಾಳೆ ನೋಡಿ. ಅಷ್ಟಾದ ಮೇಲೆ ತಿಂಗಳಿಗೆ 13 ಎಂದು ಕೊಡಿ. 31 ದಿನ ಎಂಬ ಉತ್ತರ ಬರುತ್ತದೆ. ಮೇಲಿನ ಯಾವ ಪ್ರಶ್ನೆಗೂ ಹೌದೆನ್ನದ ಎಲ್ಲವನ್ನೂ, ಸೊನ್ನೆಯನ್ನೂ ಋಣಸಂಖ್ಯೆಯನ್ನೂ ಸೇರಿಸಿ, ಎಲ್ಸ್ ತನ್ನದೆಂದು ಒಪ್ಪಿಕೊಳ್ಳುತ್ತದೆ. ಇಂಥ ಬೆಲೆ ಬಂದಾಗ ‘ಅಂಥ ತಿಂಗಳಿಲ್ಲ’ ಎಂದು ಹೇಳುವಂತೆ ಈ ಸಾಲುಗಳನ್ನು ತಿದ್ದಿ. ಹೊಸ ಪ್ರಶ್ನೆಯನ್ನು ಸರಣಿಯ ತಲೆಯಲ್ಲಿ ಇಡಬಹುದು. ಕೊನೆಯ ಎಲ್ಸ್‌ನ ಜಾಗದಲ್ಲಿ 31 ದಿನದ ತಿಂಗಳುಗಳನ್ನೆಲ್ಲ ಹೆಸರಿಸಿ ಉಳಿದದ್ದನ್ನು ಎಲ್ಸ್‌ಗೆ ಬಿಡಲೂಬಹುದು. ಎರಡನ್ನೂ ಬರೆದು, 0, 1, 12, 13 ಈ ನಾಲ್ಕನ್ನೂ ಎರಡಕ್ಕೂ ಕೊಟ್ಟು ನೋಡಿ.